ಮೇಜಿನ ಮೇಲೆ ಕಲ್ಯಾಣದ ರೈಲು

ಸಭೆಗೆ ತಡವಾಗಿ ಹೋಗುವವರು ಎಷ್ಟೋ ಕಷ್ಟಗಳಿಂದ ಪಾರಾಗುತ್ತಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಾವು ಹೋಗುವಷ್ಟರಲ್ಲಿ ಭಾಷಣ ಮುಗಿದಿರುತ್ತದೆ, ಜಗಳ ಮುಗಿದಿರುತ್ತದೆ, ಚಹಾ ಮಾತ್ರ ಉಳಿದಿರುತ್ತದೆ. ಆದರೆ ಹೀಗೆ ಒಂದು ಸಲ ತಡವಾಗಿ ಹೋಗಿ ನಾನು ಒಂದು ರೈಲ್ವೆಯ ಮುಖ್ಯಸ್ಥೆಯಾಗಿಬಿಟ್ಟೆ.

ನಾನಿರುವುದು ಬಸವಕಲ್ಯಾಣದಲ್ಲಿ. ಇತಿಹಾಸ ಪಾಠ ಹೇಳುವುದು ಹುಮನಾಬಾದಿನ ಹೊರಗಿರುವ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ. ಅಂದು ನನ್ನ ಬಸ್ಸು ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು, ಅದರ ಮರ್ಜಿಯ ಪ್ರಕಾರ ಹೆದ್ದಾರಿಯಲ್ಲಿ ತೆವಳಿತು. ನಾನು ಸಭೆ ಮುಟ್ಟುವಷ್ಟರಲ್ಲಿ ವಿದ್ಯಾರ್ಥಿ ಸಂಘಗಳನ್ನೆಲ್ಲ ಹಂಚಿಯಾಗಿತ್ತು. ನಾಟಕ ಸಂಘ ಕನ್ನಡದವರಿಗೆ, ಪರಿಸರ ಸಂಘ ಸಸ್ಯಶಾಸ್ತ್ರದವರಿಗೆ. ಭೌತಶಾಸ್ತ್ರದವರು ಮುಂದಾಲೋಚನೆಯಿಂದ ಆಟೋಟದ ಜವಾಬ್ದಾರಿ ಹಿಡಿದು ಪಾರಾಗಿದ್ದರು. ಉಳಿದದ್ದು ಮಾದರಿ ರೈಲು ಸಂಘ, ಉಳಿದವಳು ನಾನು.

"ನನಗ ರೈಲಿನ ಬಗ್ಗೆ ಏನ್ ಗೊತ್ರಿ ಸರ್?" ಎಂದೆ.

"ಯಾಕ್ರಿ ಮೇಡಂ, ರೈಲು ಅಂದ್ರ ಇತಿಹಾಸನೇ ಅಲ್ಲೇನ್ರಿ?" ಎಂದರು ಪ್ರಿನ್ಸಿಪಾಲರು.

ಸಂಘದ ಕೋಣೆಯ ಬೀಗದಕೈ ಹಿಡಿದು ಹೊರಬಂದೆ.

ನನ್ನ ಯೋಗ್ಯತೆ ಎಂಥದೆಂದು ನಿಮ್ಮೊಬ್ಬರಿಗೆ ಹೇಳುತ್ತೇನೆ. ನಾನು ಮೊದಲ ಸಲ ರೈಲು ಹತ್ತಿದ್ದು ಎಂ.ಎ. ಮುಗಿಸಿದ ಮೇಲೆ. ಅಲ್ಲಿಯತನಕ ರೈಲೆಂದರೆ ನನಗೆ ನಮ್ಮಜ್ಜಿಯ ಬಾಯಿಯ ಒಂದು ಶಬ್ದ. ಮರಾಠಿ ಸೀಮೆಯಿಂದ ಬಂದ ಅವಳು ಅದನ್ನು ಆಗಗಾಡಿ ಎನ್ನುತ್ತಿದ್ದಳು, ಬೆಂಕಿಯ ಗಾಡಿ. ಕನ್ನಡದ ಹಿರಿಯರು ಉಗಿಬಂಡಿ ಎಂದರು, ಹೊಗೆಬಂಡಿ ಎಂದರು. ಈಗ ಬೆಂಕಿಯೂ ಇಲ್ಲ, ಉಗಿಯೂ ಇಲ್ಲ, ಹೊಗೆಯೂ ಇಲ್ಲ, ಬಂಡಿಯೊಂದು ಉಳಿದಿದೆ. ನಮ್ಮ ಕಲ್ಯಾಣಕ್ಕೆ ಅದೂ ಇಲ್ಲ. ಚಾಲುಕ್ಯರು ರಾಜಧಾನಿ ಮಾಡಿಕೊಂಡ ಊರು. ಶರಣರು ಎಲ್ಲೆಲ್ಲಿಂದಲೋ ನಡೆದು ಬಂದ ಊರು. ವ್ಯಾಪಾರಿಗಳು ಬಂದರು, ದಂಡುಗಳು ಬಂದವು, ಸೂಫಿ ಸಂತರು ಬಂದರು. ಇಂಥ ಊರಿಗೆ ಬಾರದೆ ಉಳಿದದ್ದು ರೈಲೊಂದೇ. ಹುಮನಾಬಾದಿಗೆ ಅದು ಬಂದಿದೆ. ಬೀದರಿನಿಂದ ಕಲಬುರಗಿಗೆ ಹೋಗುವಾಗ ಅಲ್ಲಿ ನಿಂತು ಹೋಗುತ್ತದೆ. ನಾವು ಕಲ್ಯಾಣದವರು ಬಸ್ಸಿನಲ್ಲಿ ಹೋಗಿ ಅದನ್ನು ಹತ್ತಬೇಕು.

ಸಂಘದ ಕೋಣೆ ಒಂದು ಕಾಲದಲ್ಲಿ ರಸಾಯನಶಾಸ್ತ್ರದವರ ಉಗ್ರಾಣವಾಗಿತ್ತು; ಬಾಗಿಲು ತೆಗೆದರೆ ಅದರ ಹಳೆಯ ವಾಸನೆ ಈಗಲೂ ಮೊದಲು ಬಂದು ಮಾತಾಡಿಸುತ್ತದೆ. ಒಳಗೆ ಪರೀಕ್ಷೆಯಿಂದ ನಿವೃತ್ತವಾದ ಡೆಸ್ಕುಗಳನ್ನು ಜೋಡಿಸಿ ಮಾಡಿದ ದೊಡ್ಡ ಮೇಜು. ಅದರ ಮೇಲೆ ಹಿತ್ತಾಳೆಯ ಪಟ್ಟಿಯ ಹಳಿಗಳು, ಅವುಗಳ ಕೆಳಗೆ ಐಸ್‌ಕ್ರೀಮ್ ಕಡ್ಡಿಯ ಅಡ್ಡಪಟ್ಟಿಗಳು, ಒಣಗಿದ ಜಾಲಿಯ ಕೊಂಬೆಗಳ ಗಿಡಮರ. ಕೆಟ್ಟುಹೋದ ಪ್ರಿಂಟರುಗಳ ಮೋಟರು ತೆಗೆದು ಎಂಜಿನ್ನಿಗೆ ಹಾಕಿದ್ದರು. ಮಣ್ಣು ಮಾತ್ರ ನಕಲಿಯಲ್ಲ. ಎಲ್ಲಿ ಕೆಂಪು ನೆಲವೋ ಅಲ್ಲಿಯದೇ ಕೆಂಪು ಮಣ್ಣು, ಎಲ್ಲಿ ಎರೆಯೋ ಅಲ್ಲಿಯದೇ ಕಪ್ಪು ಎರೆಮಣ್ಣು. ಚೀಲದಲ್ಲಿ ತಂದು, ಜರಡಿ ಹಿಡಿದು ಹರಡಿದ್ದರು. ನಡುವೆ ಹುಮನಾಬಾದ್ ಸ್ಟೇಷನ್. ಒಂದು ಕಡೆ ಬೀದರಿನ ದಿಕ್ಕು, ಇನ್ನೊಂದು ಕಡೆ ಕಲಬುರಗಿಯ ದಿಕ್ಕಿನ ಸುರಂಗ. ನಿಜವಾದ ರೈಲು ಹಳ್ಳಿಖೇಡ ಬಿಟ್ಟಿತೆಂದು ಮೊಬೈಲು ತೋರಿಸಿದ ಕೂಡಲೇ ಮೇಜಿನ ಮೇಲಿನ ರೈಲೂ ಹಳ್ಳಿಖೇಡ ಬಿಡಬೇಕು. ಪಾಠದ ವೇಳೆಯ ಬಗ್ಗೆ ಈ ಮಕ್ಕಳು ಇಷ್ಟು ಶಿಸ್ತಿನವರಲ್ಲ. ನಾನು ಕೇಳಲೂ ಇಲ್ಲ. ತಡವಾಗಿ ಬರುವವಳಿಗೆ ಕೇಳುವ ಹಕ್ಕೆಲ್ಲಿಯದು?

ಸಂಘದಲ್ಲಿ ಬಹಳ ಮಂದಿ ಇದ್ದರೂ ಅದನ್ನು ನಡೆಸುತ್ತಿದ್ದವರು ಇಬ್ಬರು. ಒಬ್ಬ ರೇವಣಸಿದ್ಧ, ಬೇಮಳಖೇಡದವನು, ಕುರಿ ಸಾಕುವ ಮನೆಯ ಹುಡುಗ, ಗಣಿತದ ಎಂ.ಎಸ್ಸಿ. ಹಳಿಯ ಅಳತೆ, ಏರು, ಇಳುಕಲು ಎಲ್ಲ ಅವನದು. ಇನ್ನೊಬ್ಬಳು ರುಕ್ಸಾನಾ, ಭೌತಶಾಸ್ತ್ರದವಳು, ನಮ್ಮ ಕಲ್ಯಾಣದವಳೇ. ದಿನವೂ ನನ್ನ ಬಸ್ಸಿನಲ್ಲೇ ಬರುತ್ತಿದ್ದಳು. ಅವರ ಮನೆಯಲ್ಲಿ ತಲೆತಲಾಂತರದಿಂದ ತಗಡಿನ ಕೆಲಸ. ಬೆಸುಗೆ ಹಾಕುವ ಕೈ ಅವಳಿಗೆ ತಂದೆಯಿಂದ ಬಂದಿತ್ತು. ಎಂಜಿನ್ನು, ಬೋಗಿ ಎಲ್ಲ ಅವಳೇ ತಗಡಿನಲ್ಲಿ ಕತ್ತರಿಸಿ ಮಾಡಿದವು. ಇಬ್ಬರಿಗೂ ಒಳ್ಳೆಯ ಸ್ನೇಹ. ಆ ಸ್ನೇಹ ಒಂದು ಮಧ್ಯಾಹ್ನ ಮುರಿಯುವ ಹಂತಕ್ಕೆ ಬಂತು.

ಕಾರಣ, ರುಕ್ಸಾನಾ ಹುಮನಾಬಾದ್ ಸ್ಟೇಷನ್ನಿನಿಂದ ಒಂದು ಹೊಸ ಹಳಿ ತೆಗೆದು ಬಸವಕಲ್ಯಾಣಕ್ಕೆ ಒಯ್ಯುತ್ತೇನೆ ಎಂದಳು.

"ಇಲ್ಲದ ಲೈನ್ ಹ್ಯಾಂಗ ಹಾಕ್ತೀ?" ಎಂದ ರೇವಣಸಿದ್ಧ. "ಇದ್ದದ್ದನ್ನ ಇದ್ದಂಗ ಮಾಡೂದು ನಮ್ಮ ಸಂಘದ ನಿಯಮ. ಇಲ್ಲದ್ದು ಮಾಡಿದ್ರ ಅದು ಮಾದರಿ ಅಲ್ಲ, ಆಟಗಿ ಸಾಮಾನ."

"ನಿಮ್ಮ ಬೇಮಳಖೇಡಕ್ಕೂ ರೈಲಿಲ್ಲ. ಬರಬೇಕು ಅಂತ ನಿನಗ ಒಮ್ಮೆರ ಅನಿಸಿಲ್ಲೇನು?"

"ಅನಸ್ತದ. ಅನಿಸಿದ್ದೆಲ್ಲ ಹಳಿ ಮ್ಯಾಲ ಓಡಂಗಿಲ್ಲ."

ರುಕ್ಸಾನಾ ಕೈಯಲ್ಲಿದ್ದ ಇಕ್ಕಳವನ್ನು ಮೇಜಿನ ಮೇಲೆ ಕುಕ್ಕಿದಳು. ಕಲಬುರಗಿಯ ದಿಕ್ಕಿನ ಎರಡು ಮರ ಉರುಳಿದವು. ಉಳಿದ ಹುಡುಗರು ಎರಡು ಪಕ್ಷವಾಗಿ, ಎಲ್ಲರೂ ಒಟ್ಟಿಗೆ ನನ್ನ ಮುಖ ನೋಡಿದರು. ನನ್ನ ಬಸ್ಸಿನ ಹೊತ್ತಾಗಿತ್ತು. ಬ್ಯಾಗು ಹೆಗಲಿಗೆ ಹಾಕುತ್ತ, "ಲೈನ್ ಹಾಕೂದೋ ಬ್ಯಾಡೋ ಆಮ್ಯಾಲ ನೋಡೋಣು. ಅದು ಎಲ್ಲಿಂದ ಹೋಗಬಹುದು ಅಂತ ಮೊದಲ ನೋಡ್ರಿ" ಎಂದೆ. ಜಾರಿಕೊಳ್ಳಲು ಆಡಿದ ಮಾತು. ಈ ಹುಡುಗರು ಅದನ್ನು ಆಜ್ಞೆಯೆಂದು ತಿಳಿದರು.

ಮುಂದಿನ ಭಾನುವಾರಗಳಲ್ಲಿ ನಾವು ಹುಮನಾಬಾದಿನಿಂದ ಕಲ್ಯಾಣದ ಕಡೆಗೆ ತುಂಡು ತುಂಡಾಗಿ ನಡೆದೆವು. ರೇವಣಸಿದ್ಧನ ಕೈಯಲ್ಲಿ ಅಳತೆಯ ಟೇಪು, ರುಕ್ಸಾನಾಳ ಕೈಯಲ್ಲಿ ನೆಲದ ಎತ್ತರ ತೋರಿಸುವ ಮೊಬೈಲು, ಹಿಂದೆ ಕೆಂಪು ಬಟ್ಟೆ ಕಟ್ಟಿದ ಬಿದಿರು ಗೂಟಗಳನ್ನು ಹೊತ್ತ ಹುಡುಗರು, ಎಲ್ಲರಿಗಿಂತ ಹಿಂದೆ ಛತ್ರಿ ಹಿಡಿದ ನಾನು. ಇದೇ ದಾರಿಯಲ್ಲಿ ಚಾಲುಕ್ಯರ ಆನೆಗಳು ನಡೆದಿರಬಹುದು ಎಂದು ಆಗಾಗ ಹೇಳುತ್ತಿದ್ದೆ. ಆನೆ ಎಷ್ಟು ಏರು ಹತ್ತುತ್ತದೆ ಎಂದು ರೇವಣಸಿದ್ಧ ಕೇಳಿದ ಮೇಲೆ ಚಾಲುಕ್ಯರನ್ನು ಬಿಟ್ಟು ಗೂಟ ಎಣಿಸತೊಡಗಿದೆ. ದಿನಾ ಬಸ್ಸಿನ ಕಿಟಕಿಯಿಂದ ನೋಡಿದ ನೆಲ ಸಪಾಟ ಎಂದುಕೊಂಡಿದ್ದೆ. ಕಾಲಿಗೆ ಅದು ಬೇರೆಯೇ ಕಥೆ ಹೇಳಿತು. ಲೈನು ಬೇಡವೆಂದ ರೇವಣಸಿದ್ಧನೇ ಎಲ್ಲರಿಗಿಂತ ಚೊಕ್ಕವಾಗಿ ಅಳೆಯುತ್ತಿದ್ದ. ಈ ಲೈನು ಸಾಧ್ಯವಿಲ್ಲವೆಂದು ಸಾಧಿಸಬೇಕಾದರೂ ಅಳತೆ ಸರಿಯಿರಬೇಕಲ್ಲ!

ರಾಜೇಶ್ವರ ದಾಟಿ ಒಂದು ತೊಗರಿ ಹೊಲದಲ್ಲಿ ಗೂಟ ಊರಿದೆವು. ಹತ್ತಿರದಲ್ಲೇ ಮೆಟ್ಟಿಲಿರುವ ಹಳೆಯ ಕಲ್ಲಿನ ಬಾವಿ, ಅದರ ಪಕ್ಕ ಒಂದು ಬೇವಿನ ಗಿಡ. ನೆರಳಿಗೆ ಕೂಡಬೇಕು ಎನ್ನುವಷ್ಟರಲ್ಲಿ, ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಕುಡುಗೋಲು ಹಿಡಿದುಕೊಂಡೇ ಬಂದಳು. ವಯಸ್ಸಾಗಿತ್ತು, ಆ ಸಿಟ್ಟಿನ ನಡಿಗೆಯಲ್ಲಿ ಮಾತ್ರ ವಯಸ್ಸಿರಲಿಲ್ಲ.

"ಯಾರು ನೀವು? ಯಾರ ಹೊಲದಾಗ ಗೂಟ ಹೊಡಿಯಾಕತ್ತೀರಿ?"

"ರೈಲಿಂದು ಅಳತಿ ಮಾಡಾಕತ್ತೇವ್ರಿ ಆಯಿ" ಎಂದುಬಿಟ್ಟಳು ರುಕ್ಸಾನಾ, ನಗುನಗುತ್ತ.

ಅಷ್ಟು ಸಾಕಾಯಿತು. ಆಕೆ ಕೂಗಿದ ಕೂಗಿಗೆ ಸುತ್ತಲಿನ ಹೊಲಗಳಿಂದ ಜನ ಬಂದರು. ನಡುವೆ ನಾವು, ನಮ್ಮ ಗೂಟಗಳು. ಆಕೆಯ ಹೆಸರು ಕಮಳಾಬಾಯಿ ಎಂದು ಬಂದವರ ಬಾಯಿಂದ ತಿಳಿಯಿತು.

"ರಸ್ತಾ ಅಗಲ ಮಾಡೂಮುಂದ ಒಂದು ಪಟ್ಟಿ ಹೋತು" ಎಂದಳು ಕಮಳಾಬಾಯಿ, ಅವರಿಗೂ ಕೇಳುವಂತೆ. "ಕೊಟ್ಟಿವಿ, ಸುಮ್ಮನಾದಿವಿ. ಈಗ ಬಾವೀನೂ ಬೇಕೇನು ಇವರಿಗೆ?"

ನಾನು ಮುಂದೆ ಹೋಗಿ, ನಾವು ಸರ್ಕಾರದವರಲ್ಲ, ಕಾಲೇಜಿನವರು, ಇದು ಮೇಜಿನ ಮೇಲಿನ ಆಟದ ರೈಲಿಗೆ ಎಂದು ವಿವರಿಸಿದೆ. ಯಾರೂ ನಂಬಲಿಲ್ಲ. ನಂಬಬೇಕಾದರೂ ಯಾಕೆ? ಆಟದ ರೈಲಿಗಾಗಿ ಇಷ್ಟು ಬಿಸಿಲಲ್ಲಿ ಯಾರಾದರೂ ನಡೆಯುತ್ತಾರೆಯೇ? ಅದರ ಮೇಲೆ ನನ್ನ ಛತ್ರಿ, ಕನ್ನಡಕ, ಬ್ಯಾಗು. "ನೀವು ದೊಡ್ಡ ಆಫೀಸರೇನ್ರಿ?" ಎಂದು ಮುದುಕರೊಬ್ಬರು ಕೇಳಿದರು. ಆ ಗಡಿಬಿಡಿಯಲ್ಲೂ ನನಗೆ ಒಳಗೊಳಗೇ ಸ್ವಲ್ಪ ಸಂತೋಷವಾಯಿತು. ಆದರೆ ರುಕ್ಸಾನಾಳ ಮುಖ ಬಾಡಿತ್ತು. ತನ್ನ ಊರಿಗೆ ರೈಲು ಎಂದರೆ ಯಾರಾದರೂ ಹೆದರಬಹುದೆಂದು ಅವಳಿಗೆ ಆವರೆಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

"ನೀವೇ ಬಂದು ನೋಡ್ರಿ" ಎಂದೆ ಕೊನೆಗೆ. "ಹುಮನಾಬಾದಿಗೆ ಬಂದಾಗ ನಮ್ಮ ಕಾಲೇಜಿಗೆ ಬರ್ರಿ. ನೋಡಿದ ಮ್ಯಾಲ ಬೈಯ್ರಿ."

ಕಮಳಾಬಾಯಿ ಗೂಟವನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡಳು. "ನೋಡಿದ ಮ್ಯಾಲೇ ಇದನ್ನ ಕೊಡ್ತೀನಿ" ಎಂದಳು.

ಬರುತ್ತಾಳೆ ಎಂದು ನಾನು ತಿಳಿದಿರಲಿಲ್ಲ. ಅಷ್ಟರಲ್ಲಿ ಅಳತೆ ಮುಗಿದಿತ್ತು. ಏರು ಹೆಚ್ಚಾಗುವ ಕಡೆ ಒಂದು ಸುತ್ತು ಹಾಕಿದರೆ ರೈಲು ಕಲ್ಯಾಣ ಮುಟ್ಟುತ್ತದೆ ಎಂದು ರೇವಣಸಿದ್ಧನ ಲೆಕ್ಕವೇ ಹೇಳಿತು. ಲೆಕ್ಕಕ್ಕೆ ಅವನು ಮರ್ಯಾದೆ ಕೊಡುವ ಹುಡುಗ. "ಹಾಕಬಹುದು" ಎಂದ, "ಆದ್ರ ಇಲ್ಲದ್ದು ಇಲ್ಲದ್ದೇ" ಎಂದು ಸೇರಿಸಿದ. ರುಕ್ಸಾನಾ ಹಳಿ ಜೋಡಿಸಿದಳು. ಮೇಜಿಗೆ ಹೊಸ ಡೆಸ್ಕುಗಳು ಸೇರಿದವು. ಕಲ್ಯಾಣದ ಕೋಟೆಯ ಕೆಳಗೆ ಪುಟ್ಟ ಸ್ಟೇಷನ್ನೂ ಬಂತು.

ಹುಮನಾಬಾದಿನ ಸಂತೆಯ ದಿನ ಕೋಣೆಯ ಬಾಗಿಲಲ್ಲಿ ಕಮಳಾಬಾಯಿ ನಿಂತಿದ್ದಳು. ಕೈಯಲ್ಲಿ ಸಂತೆಯ ಚೀಲ, ಕಂಕುಳಲ್ಲಿ ನಮ್ಮ ಗೂಟ, ಜೊತೆಗೆ ಸಾಕ್ಷಿಗೆಂದು ಊರಿನ ಇಬ್ಬರು ಹೆಂಗಸರು. ಯಾರನ್ನೂ ಮಾತಾಡಿಸದೆ ಮೇಜಿನ ಸುತ್ತ ಒಂದು ಸುತ್ತು ಬಂದಳು. ಸುರಂಗದೊಳಗೆ ಬಗ್ಗಿ ನೋಡಿದಳು. ಹೆದ್ದಾರಿ ಗುರುತಿಸಿದಳು, ರಾಜೇಶ್ವರ ಗುರುತಿಸಿದಳು, ಬೆರಳಿನಿಂದ ದಾರಿ ಹಿಡಿದು ಹೋಗಿ ಒಂದು ಕಡೆ ನಿಂತಳು. ಮಣ್ಣು ಮುಟ್ಟಿದಳು.

"ಇದು ನನ್ನ ಹೊಲ."

ಸುತ್ತಲೂ ಬೆರಳಾಡಿಸಿ ಏನನ್ನೋ ಹುಡುಕಿದಳು.

"ಬಾವಿ ಎಲ್ಲಿ?"

ಬಾವಿ ಇರಲಿಲ್ಲ. ಬಾವಿ ಇರಬೇಕಾದ ಜಾಗದ ಮೇಲೆ ಹಳಿ ಹಾಯ್ದಿತ್ತು.

ರೇವಣಸಿದ್ಧ ಸಮಾಧಾನ ಹೇಳಲು ನೋಡಿದ. "ಆಯಿ, ಇದು ಆಟಗಿ ಸಾಮಾನ. ಇದರಿಂದ ನಿಮ್ಮ ಬಾವಿಗೆ ಏನೂ ಆಗಂಗಿಲ್ರಿ."

"ಏನೂ ಆಗಂಗಿಲ್ಲಂದ್ರ ಮುಚ್ಚಿದ್ದ್ಯಾಕ?" ಎಂದಳು ಕಮಳಾಬಾಯಿ. ದನಿ ಎತ್ತರಿಸಲಿಲ್ಲ. "ಹೊಲ ತಂದು ಹಾಕೀರಿ, ರಸ್ತಾ ಹಾಕೀರಿ, ಹಾದಿಬದಿ ಜಾಲಿ ಸೈತ ಬಿಟ್ಟಿಲ್ಲ. ನಮ್ಮ ಮಾವ ತೋಡಿದ ಬಾವಿ ಒಂದು ಬಿಟ್ಟೀರಿ. ಇವತ್ತ ನೀವು ಮೇಜಿನ ಮ್ಯಾಲ ಬಿಟ್ರ, ನಾಳೆ ಯಾರರ ಇದನ್ನೇ ನೋಡಿ ಕಾಗದದ ಮ್ಯಾಲ ಗೆರೀ ಎಳೀತಾರ. ಅವರಿಗೂ ಅಲ್ಲಿ ಬಾವಿ ಕಾಣಂಗಿಲ್ಲ."

ಇತಿಹಾಸದ ಪಾಠದಲ್ಲಿ ನಾನು ಮಾರ್ಗಗಳ ಬಗ್ಗೆ ಬಹಳ ಹೇಳಿದ್ದೇನೆ. ಯಾವ ರಾಜ ಯಾವ ದಾರಿ ಮಾಡಿಸಿದ, ಯಾವ ದಾರಿಯಲ್ಲಿ ಯಾವ ಸರಕು ಹೋಯಿತು ಎಂದು. ಆ ದಾರಿಗಳ ಕೆಳಗೆ ಯಾರ ಬಾವಿಯಿತ್ತು ಎಂದು ನಾನೂ ಹೇಳಿಲ್ಲ, ಯಾವ ವಿದ್ಯಾರ್ಥಿಯೂ ಕೇಳಿಲ್ಲ. ಶಾಸನಗಳಲ್ಲಿ ಬಾವಿ ತೋಡಿಸಿದವರ ಹೆಸರು ಸಿಗುತ್ತದೆ, ಮುಚ್ಚಿದವರದು ಸಿಗುವುದಿಲ್ಲ.

ರುಕ್ಸಾನಾ ಬೆಸುಗೆಯ ಸಲಾಕೆಯನ್ನು ಕಾಯಲು ಇಟ್ಟಳು. ಕಾದ ಮೇಲೆ, ತಾನು ಅಷ್ಟು ಆಸೆಯಿಂದ ಹಾಕಿದ ಹಳಿಯ ಮೊದಲ ಕೀಲನ್ನು ಬಿಡಿಸಿದಳು. ಎರಡನೆಯದಕ್ಕೆ ಕೈ ಹಾಕುವಾಗ ಎದುರಿನಿಂದ ಇಕ್ಕಳ ಬಂತು. ಹಿಡಿದಿದ್ದವನು ರೇವಣಸಿದ್ಧ.

"ಬಡಗಣ ಕಡೆಯಿಂದ ತಿರುವು ಹಾಕೋಣು" ಎಂದ. "ಗುಡ್ಡ ಸ್ವಲ್ಪ ಕಡೀಬೇಕಾಗ್ತದ."

"ನೀನೇ ಅಂದಿದ್ದ್ಯಲ್ಲಪಾ, ಇದು ಇಲ್ಲದ ಲೈನ್ ಅಂತ" ಎಂದೆ ನಾನು.

ಅವನು ತಲೆ ಎತ್ತದೆ ಹೇಳಿದ: "ನಿನ್ನೆತನಕ ಇದ್ದಿದ್ದಿಲ್ರಿ ಮೇಡಂ. ಒಬ್ಬರು ಬಂದು ಇಲ್ಲಿ ಬ್ಯಾಡ ಅಂದ್ರಲ್ರಿ. ಇವತ್ತಿಂದ ಇದು ಖರೇ ಲೈನ್."

ಈ ಮಾತನ್ನು ನಾನು ಆಮೇಲೆ ಬಸ್ಸಿನಲ್ಲಿ ಕುಳಿತು ಬಹಳ ಯೋಚಿಸಿದೆ. ಕನಸು ಕಾಣುವವರಿಂದ ಒಂದು ವಸ್ತು ನಿಜವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ನಾನೂ ಎಷ್ಟೋ ವರ್ಷಗಳಿಂದ ಅಡಿಗೆಮನೆಗೆ ಒಂದು ಕಿಟಕಿ ಬೇಕೆಂದು ಕನಸು ಕಾಣುತ್ತಿದ್ದೇನೆ. ಅದು ನಿಜವಾಗುವ ಲಕ್ಷಣ ಕಂಡದ್ದು, ಕಿಟಕಿ ತೆಗೆದರೆ ತಮ್ಮ ಅಂಗಳ ಕಾಣುತ್ತದೆಂದು ಪಕ್ಕದ ಮನೆಯವರು ತಕರಾರು ಮಾಡಿದ ದಿನ.

ಕಮಳಾಬಾಯಿ ಅಂದು ಸಂತೆ ಮರೆತು ಮೇಜಿನ ಮೇಲೆ ಬಾವಿ ಕಟ್ಟಿಸಿದಳು. ಮೆಟ್ಟಿಲು ಮೂಡಣಕ್ಕೆ, ಬೇವು ಈ ಕಡೆ, ಎಮ್ಮೆ ನಿಲ್ಲುವ ಜಾಗ ಆ ಕಡೆ. ಹೋಗುವಾಗ ಗೂಟವನ್ನು ಗೋಡೆಗೆ ಒರಗಿಸಿ ಹೋದಳು.

ಆದರೆ ಬಾವಿ ಬಂದ ಮೇಲೆ ರೈಲು ಕೆಟ್ಟಿತು. ತಿರುವು ಇಕ್ಕಟ್ಟಾಯಿತು. ಎಂಜಿನ್ನು ಹೇಗೋ ಹೊರಳುತ್ತಿತ್ತು, ಹಿಂದಿನ ಬೋಗಿಗಳು ಹಳಿ ಬಿಟ್ಟು ನೇರವಾಗಿ ತೊಗರಿ ಹೊಲಕ್ಕೆ ಇಳಿಯುತ್ತಿದ್ದವು. ಪಾಲಕರಿಗೆ, ಊರವರಿಗೆ ಮೇಜು ತೋರಿಸುವ ದಿನ ಹತ್ತಿರ ಬಂದಿತ್ತು. "ಬಾವಿ ಒಂದಿಷ್ಟು ಸರಸಿದ್ರ ಯಾರಿಗೆ ಗೊತ್ತಾಗ್ತದ?" ಎಂದು ಒಬ್ಬ ಹುಡುಗ ಕೇಳಿದ. ರುಕ್ಸಾನಾ, ರೇವಣಸಿದ್ಧ ಇಬ್ಬರೂ ಅವನನ್ನು ನೋಡಿದ ನೋಟಕ್ಕೆ ಅವನು ಮರುದಿನ ಸಂಘಕ್ಕೇ ಬರಲಿಲ್ಲ. ನಾನೇ ಹೋಗಿ ಕರೆತರಬೇಕಾಯಿತು. ಬೋಗಿಗಳು ತೀರ ಹಗುರ ಎಂದು ರುಕ್ಸಾನಾ ಅವುಗಳ ಹೊಟ್ಟೆಗೆ ಕಬ್ಬಿಣದ ನಟ್ಟುಗಳನ್ನು ಕೂಡಿಸಿದಳು. ರೇವಣಸಿದ್ಧ ಗುಡ್ಡವನ್ನು ಇನ್ನಷ್ಟು ಕಡಿದು, ತಿರುವು ಮೊದಲೇ ಮೆಲ್ಲಗೆ ಶುರುವಾಗುವಂತೆ ಮಾಡಿದ. ಒಮ್ಮೆ ದಾಟುತ್ತಿತ್ತು, ಒಮ್ಮೆ ಬೀಳುತ್ತಿತ್ತು. ತೋರಿಸುವ ದಿನ ಬಂದಾಗಲೂ ಅದು ದಾಟುತ್ತದೋ ಬೀಳುತ್ತದೋ ಗಟ್ಟಿಯಾಗಿ ಹೇಳುವಂತಿರಲಿಲ್ಲ.

ಅಂದು ಆ ಕೋಣೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಹುಮನಾಬಾದಿನವರು, ಚಿಟಗುಪ್ಪದವರು, ಕಲ್ಯಾಣದಿಂದ ಬಸ್ಸು ತುಂಬಿ ಬಂದವರು. ಕಮಳಾಬಾಯಿ ಬಾವಿಯ ಎದುರಿಗೇ ಜಾಗ ಹಿಡಿದಿದ್ದಳು. ರುಕ್ಸಾನಾಳ ತಂದೆ ಬಾಗಿಲ ಹತ್ತಿರ ಸಂಕೋಚದಿಂದ ನಿಂತಿದ್ದರು. ಪ್ರಿನ್ಸಿಪಾಲರು ಹಸಿರು ಬಾವುಟ ಬೀಸಿದರು. ಅವರ ಉತ್ಸಾಹಕ್ಕೆ ಹುಮನಾಬಾದಿನ ಒಂದು ಸಿಗ್ನಲ್ ಕಂಬ ಉರುಳಿತು. ರೈಲು ಹೊರಟಿತು.

ಹೆದ್ದಾರಿಯ ಪಕ್ಕ ಹೋಯಿತು, ರಾಜೇಶ್ವರ ಬಿಟ್ಟಿತು, ಕಡಿದ ಗುಡ್ಡದ ನಡುವಿನಿಂದ ಹೊರಬಂದು ತಿರುವಿಗೆ ಮುಖ ಮಾಡಿತು. ರೇವಣಸಿದ್ಧ ವೇಗ ಇಳಿಸಿದ. ರುಕ್ಸಾನಾ ಕಣ್ಣು ಮುಚ್ಚಿಕೊಂಡಳು. ಎಂಜಿನ್ನು ಹೊರಳಿತು. ಮೊದಲ ಬೋಗಿ ಹೊರಳಿತು. ಕೊನೆಯ ಬೋಗಿ ವಾಲಿತು, ಒಂದು ಕಡೆಯ ಗಾಲಿ ಹಳಿಯಿಂದ ಎದ್ದದ್ದು ನನ್ನ ಕಣ್ಣಿಗೆ ಕಂಡಿತು. ಕಮಳಾಬಾಯಿ ಬಾವಿಗೆ ಅಡ್ಡವಾಗಿ ಅಂಗೈ ಹಿಡಿದಳು. ಗಾಲಿ ಟಕ್ಕೆಂದು ಮರಳಿ ಕುಳಿತಿತು. ರೈಲು ಬಾವಿಯ ಪಕ್ಕದಿಂದ ಸುತ್ತಿ, ಬೇವಿನ ಗಿಡ ದಾಟಿ, ಏರು ಹತ್ತಿ, ಕೋಟೆಯ ಕೆಳಗೆ ಬಂದು ನಿಂತಿತು.

ಕಲ್ಯಾಣದವರು ಹಾಕಿದ ಚಪ್ಪಾಳೆಯನ್ನು ನಾನು ಹೇಗೆ ಬರೆಯಲಿ? ಅವರಲ್ಲಿ ನಾನೂ ಒಬ್ಬಳು. ಸಂಘದ ಮುಖ್ಯಸ್ಥೆ ಎಂಬ ಗಾಂಭೀರ್ಯ ಮರೆತು ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಕೈ ಹಿಡಿದು ಕುಲುಕುತ್ತಿದ್ದೆ. ರುಕ್ಸಾನಾಳ ತಂದೆ ಜನರ ನಡುವೆ ದಾರಿ ಮಾಡಿಕೊಂಡು ಬಂದು, ಎಂಜಿನ್ನಿನ ಬೆಸುಗೆಯ ಮೇಲೆ ಬೆರಳಾಡಿಸಿ, "ಟಾಂಕಾ ಪಕ್ಕಾ ಹೈ" ಎಂದರು. ಬೆಸುಗೆ ಗಟ್ಟಿಯಿದೆ, ಅಷ್ಟೆ. ರುಕ್ಸಾನಾ ಅಳತೊಡಗಿದಳು. ಇತ್ತ ಕಲ್ಯಾಣದ ಹಿರಿಯರಿಬ್ಬರು ಸ್ಟೇಷನ್ ಕೋಟೆಯ ಹತ್ತಿರ ಯಾಕೆ, ಬಸ್ ಸ್ಟ್ಯಾಂಡಿನ ಹತ್ತಿರ ಯಾಕಲ್ಲ ಎಂದು ಆಗಲೇ ಜಗಳ ಶುರು ಮಾಡಿದ್ದರು. ರೇವಣಸಿದ್ಧ ಅವರನ್ನು ನೋಡಿ ನನಗೆ ಕಣ್ಣಲ್ಲೇ ಹೇಳಿದ: ನೋಡಿದ್ರೇನ್ರಿ, ಖರೇ ಆತು.

ಜನ ಕರಗಿದ ಮೇಲೂ ಕಮಳಾಬಾಯಿ ಹೋಗಲಿಲ್ಲ. ರೈಲು ಹೋಗಿ ಬರುವುದನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಏನೋ ಲೆಕ್ಕ ನಡೆದಿತ್ತು. ಕೊನೆಗೆ ನನ್ನನ್ನು ಹತ್ತಿರ ಕರೆದಳು.

"ಬಾಯಾರ, ಒಂದು ಮಾತು. ಈ ರೈಲು ನನ್ನ ಹೊಲದ ಬಾಜೂನೇ ಹಾಯ್ತದ. ಮತ್ತ ಅಲ್ಲಿ ನಿಂದ್ರಂಗಿಲ್ಲ ಯಾಕ?"

ನಾನು ಕಕ್ಕಾಬಿಕ್ಕಿಯಾದೆ. ಸ್ಟೇಷನ್ ಎಂದರೆ ಸುಮ್ಮನೆ ಆಗುವುದಿಲ್ಲ, ಎಲ್ಲ ಕಡೆ ನಿಲ್ಲಿಸಿದರೆ ರೈಲು ತಡವಾಗುತ್ತದೆ ಎಂದೆಲ್ಲ ದೊಡ್ಡ ಆಫೀಸರರ ಧಾಟಿಯಲ್ಲಿ ಹೇಳಿದೆ.

"ತರಕಾರಿ ಬುಟ್ಟಿ ಹೊತ್ತು ನಾ ರಾಜೇಶ್ವರತನಕ ನಡೀಬೇಕೇನು? ಮನಿ ಮುಂದ ಹಾಯೂ ರೈಲು ಬಿಟ್ಟು?"

ರೇವಣಸಿದ್ಧ ಆಗಲೇ ಟೇಪು ಹಿಡಿದು ಬಗ್ಗಿದ್ದ. "ಬೇವಿನ ಗಿಡದ ಮುಂದ ನೆಲ ಸಪಾಟ ಅದರಿ ಮೇಡಂ. ನಿಂದ್ರಸಬಹುದು." ರುಕ್ಸಾನಾ ಕಣ್ಣೊರೆಸಿಕೊಂಡು ಪ್ಲಾಟ್‌ಫಾರ್ಮಿಗೆ ತಗಡು ಹುಡುಕುತ್ತಿದ್ದಳು. ಮುಖ್ಯಸ್ಥೆಯ ಅಪ್ಪಣೆಯೊಂದೇ ಬಾಕಿ ಎಂಬಂತೆ ಎಲ್ಲರೂ ನನ್ನನ್ನು ನೋಡಿದರು. ಅಧಿಕಾರ ಚಲಾಯಿಸುವ ಅವಕಾಶ ನನಗೆ ಅಪರೂಪ.

"ಆಗಲಿ" ಎಂದೆ. "ಒಂದು ನಿಮಿಷ ನಿಲ್ಲಲಿ."

"ಒಂದು ನಿಮಿಷ ಹ್ಯಾಂಗ ಸಾಲ್ತದ?" ಎಂದಳು ಕಮಳಾಬಾಯಿ. "ನನ್ನ ಮೊಣಕಾಲು ನೋಯ್ತಾವ."

ಹೀಗಾಗಿ ನಮ್ಮ ಕಲ್ಯಾಣದ ರೈಲು ಈಗ ಬೇವಿನ ಗಿಡದ ಮುಂದೆ ನಿಲ್ಲುತ್ತದೆ. ಮೊಣಕಾಲು ನೋಯುವವರು ಬುಟ್ಟಿ ಏರಿಸಿ, ನಿಧಾನವಾಗಿ ಹತ್ತಿ, ಸರಿಯಾಗಿ ಕುಳಿತ ಮೇಲೆಯೇ ಹೊರಡುತ್ತದೆ.